ಅರ್ಧ ಮಿಲಿಮೀಟರಿಗಾಗಿ ದುಡಿದ ಕೈಗಳಿಗೆ

ಹದಿನಾಲ್ಕು ತಿಂಗಳು ನನ್ನ ಕೆಲಸದ ಮೇಜಿನ ಮೇಲೆ ಬಿಡಿಬಿಡಿಯಾಗಿ ಬಿದ್ದಿದ್ದ ಏರ್ ರೈಫಲ್ ಸ್ಟಾಕ್ (ರೈಫಲ್ಲನ್ನು ಹಿಡಿದು ಭುಜಕ್ಕೆ ಆನಿಸುವ ಮರದ ಭಾಗ) ಕಳೆದ ವಾರ ಸಲಕರಣೆ ತಪಾಸಣೆಯಲ್ಲಿ ತೇರ್ಗಡೆಯಾಯಿತು. ಮರುದಿನ ಅದರಲ್ಲೇ 60 ಗುಂಡುಗಳ ಪಂದ್ಯವನ್ನು, ನಡುವೆ ಒಂದು ಸ್ಕ್ರೂವನ್ನೂ ಮುಟ್ಟದೆ, ಮುಗಿಸಿದೆ. ಭುಜಕ್ಕೆ ಒತ್ತುವ ಬಟ್ ಪ್ಲೇಟ್, ಗುರಿ ಹಿಡಿಯುವಾಗ ಕೆನ್ನೆ ಊರುವ ಕೆನ್ನೆಯಾಸರೆಯ ಕಂಬಗಳು, ಅವುಗಳನ್ನು ಹಿಡಿಯುವ ಕ್ಲ್ಯಾಂಪುಗಳು ಎಲ್ಲವನ್ನೂ ನಾನೇ ಮಾಡಿದೆನೆಂದು ಹಲವರು ಮೆಚ್ಚಿ ಮಾತನಾಡಿದ್ದಾರೆ. ಅವು ಯಾರ ತಿದ್ದುಪಡಿಯಿಂದ ಈ ರೂಪಕ್ಕೆ ಬಂದವು ಎಂಬುದನ್ನು ಎಲ್ಲರೆದುರು ಹೇಳುವ ಋಣ ನನ್ನ ಮೇಲಿದೆ.

ಮೊದಲ ನಮಸ್ಕಾರ ನನಗೆ ಲೇತ್ ಕೆಲಸ ಕಲಿಸಿದ ಹಿರಿಯ ಟರ್ನರ್ ಅವರಿಗೆ. 10 ಮೀಟರ್ ಗುರಿಹಲಗೆಯಲ್ಲಿ ಹತ್ತು ಅಂಕದ ಚುಕ್ಕೆಯ ವ್ಯಾಸ ಕೇವಲ 0.5 ಮಿಲಿಮೀಟರ್, ಕೆನ್ನೆಯಾಸರೆ ಕೂದಲೆಳೆಯಷ್ಟು ಕುಸಿದರೂ ಕಣ್ಣು ಹಿಂಬದಿಯ ಸೈಟಿನ ರಂಧ್ರದ ನಡುವಿನಿಂದ ಸರಿಯುತ್ತದೆ, ಗುರಿ ತಪ್ಪಿದ ಕಾರಣ ಶೂಟರ್‌ಗೆ ತಿಳಿಯುವುದೂ ಇಲ್ಲ. ನನ್ನ ಮೊದಲ ವಿನ್ಯಾಸದಲ್ಲಿ 10 ಮಿಲಿಮೀಟರ್ ದಪ್ಪದ ಉಕ್ಕಿನ ಕಂಬಗಳನ್ನು ಪಕ್ಕದಿಂದ ಒಂದು ಸ್ಕ್ರೂವಿನ ತುದಿ ಒತ್ತಿ ಹಿಡಿಯುತ್ತಿತ್ತು. ಆ ತುದಿ ಕಂಬದಲ್ಲಿ ಗುಳಿ ಕೊರೆಯಿತು. ಆಮೇಲೆ ಎತ್ತರವನ್ನು ಸ್ವಲ್ಪವೇ ಬದಲಿಸಿದಾಗಲೆಲ್ಲ ಸ್ಕ್ರೂ ಹಳೆಯ ಗುಳಿಗೇ ಜಾರಿ ಬರುತ್ತಿತ್ತು. ಅವರು ಅದನ್ನು ಬಹಳ ಹೊತ್ತು ತಿರುಗಿಸಿ ನೋಡಿ, "ಕಂಬವನ್ನು ಚುಚ್ಚಬೇಡಿ, ಸುತ್ತಲೂ ಅಪ್ಪಿ ಹಿಡಿಯಿರಿ" ಎಂದು ಹೇಳಿ ಕಾಗದದ ಮೇಲೆ ಸೀಳಿದ ಕ್ಲ್ಯಾಂಪಿನ ಚಿತ್ರ ಬರೆದರು. ರಂಧ್ರವನ್ನು 9.8ರ ಡ್ರಿಲ್ಲಿನಿಂದ ಕೊರೆದು, ರಂಧ್ರವನ್ನು ನಿಖರ ಅಳತೆಗೆ ತರುವ 10ರ ರೀಮರಿನಿಂದ ನಯಗೊಳಿಸಿ, ಸೀಳನ್ನು ಕಟ್ಟಕಡೆಗೆ ಹಾಕಬೇಕೆಂದು ಕಲಿಸಿದವರೂ ಅವರೇ. ಮೊದಲೇ ಸೀಳಿದರೆ ಲೋಹ ಬಿಚ್ಚಿಕೊಂಡು ರಂಧ್ರದ ದುಂಡುತನ ಕೆಡುತ್ತದೆ. ಸ್ಟಾಕಿನ ಅತ್ಯುತ್ತಮ ಭಾಗ ಈ ಕ್ಲ್ಯಾಂಪೇ ಎಂದು ನಾನು ನಂಬಿದ್ದೇನೆ.

ನನ್ನ ತರಬೇತುದಾರರು ಪ್ರತಿಯೊಂದು ತುಣುಕನ್ನೂ ತೂಗಿಸಿದರು. ನಿಯಮದಂತೆ ಏರ್ ರೈಫಲ್ 5.5 ಕಿಲೋಗ್ರಾಂ ಮೀರುವಂತಿಲ್ಲ, ನನ್ನದು ಉಕ್ಕಿನ ಭಾಗಗಳೊಂದಿಗೆ 5.62 ಇತ್ತು. ಕಂಬಗಳನ್ನು ಬಿಟ್ಟು ಉಳಿದವನ್ನೆಲ್ಲ ಉಕ್ಕಿನ ಮೂರನೇ ಒಂದು ಪಾಲಿನಷ್ಟೇ ತೂಗುವ ಅಲ್ಯೂಮಿನಿಯಂನಲ್ಲಿ ಮತ್ತೆ ಮಾಡಿದೆ. ಪದೇಪದೇ ಬಿಚ್ಚುವ ಸ್ಕ್ರೂಗಳು ಅಲ್ಯೂಮಿನಿಯಂನ ಥ್ರೆಡ್ಡನ್ನು (ಸ್ಕ್ರೂ ಕೂರುವ ಸುರುಳಿಗೆರೆಯನ್ನು) ಸವೆಸುವುದರಿಂದ ಅಂಥ ಕಡೆಗಳಲ್ಲಿ ಉಕ್ಕಿನ ಸುರುಳಿ ಥ್ರೆಡ್ ಕೂರಿಸಿದ್ದೇನೆ. ಬಟ್ ಪ್ಲೇಟಿನ ಬಾಗನ್ನು ಮೊದಲು ಮರದಲ್ಲಿ ಕೆತ್ತಿ, ಮೂರು ವಾರ ಭುಜಕ್ಕಿಟ್ಟು ನೋಡದೆ ಲೋಹ ಮುಟ್ಟಬಾರದೆಂಬ ಅವರ ಹಟಕ್ಕೆ ಈಗ ಮನಸಾರೆ ಕೃತಜ್ಞನಾಗಿದ್ದೇನೆ.

ಅಲ್ಯೂಮಿನಿಯಂ ಭಾಗಗಳಿಗೆ ಆನೊಡೈಸಿಂಗ್ (ವಿದ್ಯುತ್ತಿನಿಂದ ಗಟ್ಟಿ ಆಕ್ಸೈಡ್ ಪದರ ಬೆಳೆಸುವ ಕೆಲಸ) ಮಾಡಿಕೊಟ್ಟವರನ್ನು ಮರೆಯಲಾರೆ. ಬಟ್ ಪ್ಲೇಟ್ ಮೇಲೆ ಕೆಳಗೆ ಸರಿಯುವ ಗಾಡಿಯಲ್ಲಿ ನಾನು ಒಟ್ಟು 30 ಮೈಕ್ರಾನ್ ಸಡಿಲವನ್ನಷ್ಟೇ ಬಿಟ್ಟಿದ್ದೆ. ಆನೊಡೈಸಿಂಗ್ ಪದರದ ಸುಮಾರು ಅರ್ಧ ಭಾಗ ಮೂಲ ಮೇಲ್ಮೈಯಿಂದ ಹೊರಕ್ಕೆ ಬೆಳೆಯುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ನಾಲ್ಕು ಮೇಲ್ಮೈಗಳೂ ಉಬ್ಬಿ ಗಾಡಿ ಒಳಗೇ ಹೋಗಲಿಲ್ಲ. ತಪ್ಪು ಪೂರ್ತಿಯಾಗಿ ನನ್ನದಾಗಿದ್ದರೂ ಅವರು ಬೇಸರಿಸದೆ ಆ ಪದರವನ್ನು ಕರಗಿಸಿ ತೆಗೆದು, ಅದರೊಂದಿಗೆ ಕರಗಿದ ಲೋಹ ಎಷ್ಟೆಂದು ಅಳೆದು ತೋರಿಸಿ, ಮತ್ತೊಮ್ಮೆ ಪದರ ಕೊಟ್ಟರು. ಈಗ ಗಾಡಿ ಬೆರಳಿನ ಒತ್ತಡಕ್ಕೇ ಸರಿಯುತ್ತದೆ.

ಸ್ಕ್ರೂ ಬಿಗಿದಷ್ಟೂ ಸ್ಟಾಕಿನ ಮರ ಕುಗ್ಗುತ್ತದೆಂದು ಎಚ್ಚರಿಸಿ, ಆ ಒತ್ತಡವನ್ನು ತಡೆಯುವಂತೆ ಸ್ಕ್ರೂಗಳ ಸುತ್ತ ಕೂರುವ ಅಲ್ಯೂಮಿನಿಯಂ ಕೊಳವೆಗಳಿಗೆ ಅಳತೆ ತಪ್ಪದೆ ಜಾಗ ಕೊರೆದುಕೊಟ್ಟ ಬಡಗಿಯವರಿಗೂ, ರಾತ್ರಿಯೆಲ್ಲ ಅರದ ಸದ್ದನ್ನು ಸಹಿಸಿದ ಮನೆಯವರಿಗೂ ವಂದನೆಗಳು.

ಪಂದ್ಯ ಮುಗಿದ ಸಂಜೆ ಟರ್ನರ್ ಅವರಿಗೆ ಫೋನ್ ಮಾಡಿದೆ. ಅವರು ಅಂಕಗಳನ್ನು ಕೇಳಲಿಲ್ಲ, "ಕಂಬ ಸರಿಯಿತೇ?" ಎಂದು ಕೇಳಿದರು. ಇಲ್ಲವೆಂದೆ. ಹಾಗಾದರೆ ಗುಳಿಬಿದ್ದ ಆ ಹಳೆಯ ಕಂಬಗಳನ್ನು ಕೊಟ್ಟುಬಿಡಿ, ಹೊಸ ಹುಡುಗರಿಗೆ ತೋರಿಸಲು ಬೇಕು ಎಂದರು. ನಾಳೆ ಬೆಳಿಗ್ಗೆ ಒಯ್ದು ಕೊಡುತ್ತಿದ್ದೇನೆ.