ಎಲ್ಲದಕ್ಕೂ ಮಾಫಿಯಾ ಅಂದರೆ ಹೇಗೆ ಸ್ವಾಮಿ?

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೆಯ ಕೋಲಾರ ಜಿಲ್ಲಾ ಪುಟವನ್ನು ಪೆನ್ನು ಹಿಡಿದುಕೊಂಡೇ ಓದಿದೆ. ಟ್ಯಾಂಕರ್ ಮಾಫಿಯಾ, ಮರಳು ಮಾಫಿಯಾ, ಕ್ವಾರಿ ಮಾಫಿಯಾ, ಭೂ ಮಾಫಿಯಾ, ಶನಿವಾರ ಗೊಬ್ಬರ ಮಾಫಿಯಾ. ಭಾನುವಾರ ಮಾಫಿಯಾಗೆ ರಜೆ ಅಂತ ಕಾಣುತ್ತೆ. ಐದು ಸುದ್ದಿಯಲ್ಲಿ ಒಂದರಲ್ಲೂ ಯಾರ ಹೆಸರೂ ಇಲ್ಲ. ಯಾವ ಬೋರ್‌ವೆಲ್, ಯಾವ ಸರ್ವೆ ನಂಬರ್, ಲಾರಿ ಯಾರದು, ಏನೂ ಇಲ್ಲ. ಮಳೆ ಬಂತು, ಗಾಳಿ ಬೀಸಿತು ಅನ್ನೋ ಹಾಗೆ ಮಾಫಿಯಾ ಬಂತು.

ಇದಕ್ಕೆ ನನಗ್ಯಾಕೆ ಸಿಟ್ಟು ಅಂದರೆ, ನಾನು ಶ್ರೀನಿವಾಸಪುರ ಕಡೆಯ ಮಾವಿನ ತೋಟದವನು. ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ಓದು ಜಾಸ್ತಿ, ತೋಟದ ಕೆಲಸ ಕಮ್ಮಿ (ಇದು ನಮ್ಮ ಮನೆಯವರ ಮಾತು). ಇಟಲಿಯ ಮಾಫಿಯಾದ ಚರಿತ್ರೆ ಓದಲು ಕೂತಾಗ ಸೂಟು, ಟೋಪಿ, ಪಿಸ್ತೂಲು ಸಿಗುತ್ತೆ ಅಂದುಕೊಂಡಿದ್ದೆ. ಸಿಕ್ಕಿದ್ದು ನಿಂಬೆ ತೋಟ, ಬಾವಿ, ಕಾವಲುಗಾರ, ದಲ್ಲಾಳಿ. ಅಂದರೆ ನಮ್ಮ ತಾಲ್ಲೂಕು!

ಸಿಸಿಲಿ ಇಟಲಿಯ ದಕ್ಷಿಣಕ್ಕಿರುವ ದ್ವೀಪ. ಅಲ್ಲಿಯ ಪಲೆರ್ಮೊ ನಗರದ ಸುತ್ತ ನಿಂಬೆ, ಕಿತ್ತಳೆ ತೋಟಗಳು. ಹಡಗಿನವರಿಗೆ ಬರುತ್ತಿದ್ದ ಸ್ಕರ್ವಿ ಕಾಯಿಲೆಗೆ ನಿಂಬೆ ರಸವೇ ಮದ್ದು ಅಂತ ಬ್ರಿಟಿಷ್ ನೌಕಾಪಡೆ 1795ರಿಂದ ಅದನ್ನು ನಾವಿಕರಿಗೆ ಕೊಡತೊಡಗಿದ ಮೇಲೆ ಸಿಸಿಲಿಯ ನಿಂಬೆಗೆ ಭಾರೀ ಬೆಲೆ ಬಂತು. 1880ರ ದಶಕದ ಹೊತ್ತಿಗೆ ನ್ಯೂಯಾರ್ಕ್‌ಗೇ ವರ್ಷಕ್ಕೆ ಲಕ್ಷಗಟ್ಟಲೆ ಪೆಟ್ಟಿಗೆ ಹೋಗುತ್ತಿತ್ತು. ಆದರೆ ನಿಂಬೆ ಗಿಡ ಫಲ ಕೊಡಲು ವರ್ಷಗಟ್ಟಲೆ ಕಾಯಬೇಕು, ಬೇಸಿಗೆಯಲ್ಲಿ ನೀರು ತಪ್ಪಿದರೆ ಬೆಳೆ ಹೋಯಿತು, ಒಂದು ರಾತ್ರಿ ಯಾರಾದರೂ ಕೊಡಲಿ ಹಿಡಿದು ಬಂದರೆ ಅಪ್ಪ ಮಗ ಸೇರಿ ದುಡಿದದ್ದೆಲ್ಲ ಹೋಯಿತು. ಇಂಥ ತೋಟದವನನ್ನು ಹೆದರಿಸುವುದು ಎಷ್ಟು ಸುಲಭ ಅಂತ ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

1860ರಲ್ಲಿ ಇಟಲಿಯನ್ನು ಒಂದುಗೂಡಿಸಲು ಹೋರಾಡಿದ ಸೇನಾನಿ ಗರಿಬಾಲ್ಡಿ ಬಂದ. ದ್ವೀಪ ಹೊಸ ಇಟಲಿಗೆ ಸೇರಿತು. ಹಳೆ ಧಣಿಗಳ ಬಲ ಇಳಿದಿತ್ತು, ಹೊಸ ಸರ್ಕಾರದ ಪೊಲೀಸರು ಹೆಸರಿಗಷ್ಟೇ. ಹಾಗಾಗಿ ರಕ್ಷಣೆ ಅನ್ನುವುದೇ ಮಾರುವ ಸರಕಾಯಿತು.

ಅಲ್ಲಿಯ ಒಬ್ಬ ಡಾಕ್ಟರ ಕತೆ ಕೇಳಿ. ಗಾಸ್ಪರೆ ಗಲಾತಿ ಅಂತ ಸರ್ಜನ್. 1872ರಲ್ಲಿ ಹೆಂಡತಿ ಕಡೆಯಿಂದ ಸುಮಾರು ಹತ್ತು ಎಕರೆ ನಿಂಬೆ ತೋಟ ನೋಡಿಕೊಳ್ಳುವ ಹೊಣೆ ಇವರ ತಲೆಗೆ ಬಂತು. ಒಳ್ಳೆ ತೋಟ, ಆ ಕಾಲಕ್ಕೇ ನೀರೆತ್ತಲು ಉಗಿ ಪಂಪು ಇತ್ತು. ಆದರೆ ಕಾವಲುಗಾರ ಹಣ್ಣು ಮಾರಿದ ದುಡ್ಡಿನಲ್ಲಿ ತನ್ನ ಪಾಲು ಮುರಿದುಕೊಳ್ಳುತ್ತಿದ್ದ, ಪಂಪಿನ ಕಲ್ಲಿದ್ದಲನ್ನೂ ಕದಿಯುತ್ತಿದ್ದ. ತೋಟ ದಂಡವಾಗಲಿ, ಅಗ್ಗಕ್ಕೆ ತಾನೇ ಕೊಳ್ಳೋಣ ಅಂತ ಅವನ ಲೆಕ್ಕ. ಡಾಕ್ಟರು ಅವನನ್ನು ಬಿಡಿಸಿದರು. ಬದಲಿಗೆ ಬಂದವನನ್ನು 1874ರಲ್ಲಿ ಗುಂಡಿಟ್ಟು ಕೊಂದರು. ಅವನ ಜಾಗಕ್ಕೆ ಬಂದವನಿಗೂ ಗುಂಡು ಬಿತ್ತು, ಆದರೆ ಬದುಕಿದ. ಸಾಯುತ್ತೇನೆ ಅಂದುಕೊಂಡಿದ್ದಾಗ ಹೊಡೆದವರ ಹೆಸರು ಹೇಳಿದ, ಹುಷಾರಾದ ಮೇಲೆ ಅವರ ಜೊತೆಗೇ ರಾಜಿಯಾದ. ಡಾಕ್ಟರು ತೋಟ, ರೋಗಿಗಳು ಎಲ್ಲ ಬಿಟ್ಟು 1875ರಲ್ಲಿ ಸಂಸಾರ ಸಮೇತ ನೇಪಲ್ಸ್‌ಗೆ ಓಡಿದರು. ಅಲ್ಲಿಂದ ಗೃಹ ಮಂತ್ರಿಗೆ ಅರ್ಜಿ ಬರೆದರು. ಪಕ್ಕದ ಉದಿತೋರೆ ಹಳ್ಳಿಯಲ್ಲಿ ಇರುವುದೇ 800 ಜನ, 1874 ಒಂದೇ ವರ್ಷದಲ್ಲಿ 23 ಕೊಲೆ ಆಗಿದೆ ಅಂತ ಅದರಲ್ಲಿತ್ತು.

ಆ ಹಳ್ಳಿಯ ಮಾಫಿಯಾ ಗುಂಪಿಗೆ ಹೊಸಬರನ್ನು ಸೇರಿಸಿಕೊಳ್ಳುವ ಕ್ರಮವನ್ನು 1876ರಲ್ಲೇ ಪೊಲೀಸರು ಬರೆದಿಟ್ಟಿದ್ದಾರೆ. ರಕ್ತ ಬರುವಂತೆ ಚುಚ್ಚಿ, ದೇವರ ಪಟದ ಮೇಲೆ ಆ ರಕ್ತ ತೊಟ್ಟಿಕ್ಕಿಸಿ, ಪಟವನ್ನು ಸುಟ್ಟು, ಆಣೆ ಮಾಡಿಸುವುದು. ಸುಮಾರು ನೂರು ವರ್ಷ ಆದ ಮೇಲೆ ಒಳಗಿನವರೇ ಬಾಯಿ ಬಿಟ್ಟಾಗಲೂ ಹೇಳಿದ್ದು ಹೆಚ್ಚು ಕಮ್ಮಿ ಇದನ್ನೇ. ನಾನು ಈ ಗುಂಪಿನವನು ಅಂತ ಯಾರೂ ತಾನಾಗಿ ಹೇಳಿಕೊಳ್ಳುವಂತಿಲ್ಲ, ಇಬ್ಬರನ್ನೂ ಬಲ್ಲ ಮೂರನೆಯವನು ಪರಿಚಯ ಮಾಡಿಸಬೇಕು. ತಮ್ಮನ್ನು ಮಾಫಿಯಾ ಅಂತಲೂ ಕರೆದುಕೊಳ್ಳುತ್ತಿರಲಿಲ್ಲ. ಕೋಸಾ ನೋಸ್ತ್ರಾ, ಅಂದರೆ 'ನಮ್ಮ ವಿಷಯ'. ವಸೂಲಿಗೆ 'ಪಿಜ್ಜೊ' ಅಂತ ಹೆಸರು. ಅದನ್ನು ಕೊಕ್ಕು ಅಂತ ಬಿಡಿಸುತ್ತಾರೆ. ಹಕ್ಕಿ ಕೊಕ್ಕು ಒದ್ದೆ ಮಾಡಿಕೊಳ್ಳುವಷ್ಟು ಕೊಡಿ ಸಾಕು ಅಂತ. ನಮ್ಮಲ್ಲಿ 'ಟೀ ಕಾಸು' ಅಂತಾರಲ್ಲ, ಹಾಗೆ.

ಈಗ ನಾನು ಹೇಳಬೇಕಾದದ್ದಕ್ಕೆ ಬರುತ್ತೇನೆ. ಪೊಲೀಸರ ಹತ್ತಿರ ಇಷ್ಟೆಲ್ಲ ದಾಖಲೆ ಇದ್ದರೂ, ದೊಡ್ಡ ದೊಡ್ಡವರು ಮಾಫಿಯಾ ಅಂತ ಸಂಘವೇ ಇಲ್ಲ ಅನ್ನುತ್ತಿದ್ದರು. ಅದು ಸಿಸಿಲಿಯವರ ಸ್ವಭಾವ, ಸ್ವಾಭಿಮಾನ, ಮೀಸೆ ತಿರುವೋ ಗುಣ ಅಷ್ಟೇ ಅಂತ. ಜಾನಪದ ವಿದ್ವಾಂಸ ಜುಸೆಪ್ಪೆ ಪಿತ್ರೆ ಕೂಡ 1889ರಲ್ಲಿ ಹಾಗೇ ಬರೆದರು. ಪಾಪ, ಹಾಡು ಕತೆ ಸಂಗ್ರಹಿಸಿದ ದೊಡ್ಡ ಮನುಷ್ಯ, ಆದರೆ ಈ ಮಾತು ಕೊಲೆಗಾರರ ವಕೀಲರಿಗೆ ಬಹಳ ಉಪಯೋಗಕ್ಕೆ ಬಂತು. ಬ್ಯಾಂಕಿನ ಮುಖ್ಯಸ್ಥರಾಗಿದ್ದ ನೋತಾರ್ಬಾರ್ತೊಲೊ ಅವರನ್ನು 1893ರಲ್ಲಿ ರೈಲಿನಲ್ಲೇ ಇರಿದು ಕೊಂದರು. ಕೊಲ್ಲಿಸಿದ ಆರೋಪ ಹೊತ್ತ ರಾಜಕಾರಣಿಗೆ 1902ರಲ್ಲಿ ಶಿಕ್ಷೆಯಾಯಿತು, 1904ರಲ್ಲಿ ಬಿಡುಗಡೆಯೂ ಆಯಿತು. ಎಲ್ಲರೂ ಮಾಫಿಯಾ ಅಂದರೆ ಯಾರೂ ಮಾಫಿಯಾ ಅಲ್ಲ. ಹವೆಯ ಮೇಲೆ ಎಫ್‌ಐಆರ್ ಹಾಕೋಕೆ ಆಗುತ್ತಾ? ನಿಮ್ಮ ಹೆಡ್ಡಿಂಗ್‌ಗಳೂ ಇದನ್ನೇ ಮಾಡುತ್ತಿವೆ ಅಂತ ನನ್ನ ದೂರು.

ಅಲ್ಲಿ ಆ ಹವೆಗೆ ಹೆಸರು, ವಿಳಾಸ ಬಂದದ್ದು ಬಹಳ ತಡವಾಗಿ. ಮಾಫಿಯಾ ಸಂಘಕ್ಕೆ ಸೇರುವುದೇ ಅಪರಾಧ ಅಂತ ಕಾನೂನು ಬಂದದ್ದು 1982ರಲ್ಲಿ, ಅದೂ ಆ ಮಸೂದೆ ತಂದ ಸಂಸದ ಪಿಯೊ ಲಾ ತೋರೆ ಮತ್ತು ಮಾಫಿಯಾ ಮಟ್ಟಹಾಕಲು ಪಲೆರ್ಮೊಗೆ ಬಂದ ಜನರಲ್ ದಲ್ಲಾ ಕಿಯೇಸಾ ಇಬ್ಬರನ್ನೂ ಕೊಂದ ಮೇಲೆ. 1984ರಲ್ಲಿ ತೊಮ್ಮಾಸೊ ಬುಷೆಟ್ಟಾ ಅನ್ನುವ ಒಳಗಿನವನೇ ಒಬ್ಬ ನ್ಯಾಯಾಧೀಶ ಜೊವಾನ್ನಿ ಫಾಲ್ಕೊನೆ ಮುಂದೆ ಕೂತು ಹೆಸರು, ಹುದ್ದೆ, ಯಾರ ಮೇಲೆ ಯಾರು ಅಂತ ಹೇಳಿದ. ಫಾಲ್ಕೊನೆ ಅದನ್ನು ಬ್ಯಾಂಕ್ ಚೆಕ್ಕುಗಳ ಜೊತೆ ತಾಳೆ ನೋಡಿದರು. 1986ರಲ್ಲಿ ಜೈಲಿನ ಪಕ್ಕದಲ್ಲೇ ಕಟ್ಟಿದ ಕೋರ್ಟಿನಲ್ಲಿ 470ಕ್ಕೂ ಹೆಚ್ಚು ಜನರ ವಿಚಾರಣೆ ಶುರುವಾಯಿತು. ಮುಂದಿನ ವರ್ಷ 300ಕ್ಕೂ ಹೆಚ್ಚು ಜನರಿಗೆ ಶಿಕ್ಷೆ, 19 ಜನರಿಗೆ ಜೀವಾವಧಿ. 1992ರ ಜನವರಿಯಲ್ಲಿ ಮೇಲಿನ ಕೋರ್ಟು ಅದನ್ನು ಎತ್ತಿ ಹಿಡಿಯಿತು. ಅದೇ ವರ್ಷ ಮೇ 23ರಂದು ಹೆದ್ದಾರಿಯ ಅಡಿಯಲ್ಲಿ ಬಾಂಬಿಟ್ಟು ಫಾಲ್ಕೊನೆ, ಅವರ ಹೆಂಡತಿ ಮತ್ತು ಮೂವರು ಪೊಲೀಸರನ್ನು ಕೊಂದರು. ಜುಲೈ 19ಕ್ಕೆ ಅವರ ಜೊತೆಗಾರ ಬೊರ್ಸೆಲಿನೊ.

ಪತ್ರಿಕೆಯವರಾದ ನಿಮಗೆ ಇನ್ನೊಂದು ವಿಷಯ ಹೇಳಬೇಕು. 1991ರ ಜನವರಿ 10ರಂದು ಪಲೆರ್ಮೊದ ಪತ್ರಿಕೆಯಲ್ಲಿ ಒಂದು ಪತ್ರ ಬಂತು. ಬರೆದವರು ಲಿಬೆರೊ ಗ್ರಾಸ್ಸಿ, ಪೈಜಾಮ ಹೊಲಿಯುವ ಕಾರ್ಖಾನೆಯ ಮಾಲೀಕ. 'ಪ್ರಿಯ ವಸೂಲಿಗಾರನೇ' ಅಂತಲೇ ಶುರು. ಬೆದರಿಕೆ ಫೋನು, ಬಾಂಬಿನ ಬತ್ತಿ, ಗುಂಡಿಗೆಲ್ಲ ಸುಮ್ನೆ ಖರ್ಚು ಮಾಡಬೇಡಿ, ನಾನು ಕೊಡುವುದಿಲ್ಲ, ಪೊಲೀಸರಿಗೆ ಹೇಳಿದ್ದೇನೆ ಅನ್ನೋದು ಅದರ ಸಾರಾಂಶ. ಬೇರೆ ಉದ್ಯಮಿಗಳು ಅವರ ಜೊತೆ ನಿಲ್ಲಲಿಲ್ಲ. ಆಗಸ್ಟ್ 29ರ ಬೆಳಿಗ್ಗೆ ಮನೆಯಿಂದ ಕಾರಿನ ಕಡೆ ನಡೆಯುತ್ತಿದ್ದಾಗ ಗುಂಡಿಟ್ಟರು. 2004ರಲ್ಲಿ ಅದೇ ಊರಿನ ಹುಡುಗರು, ವಸೂಲಿ ಕೊಡುವ ಜನರಿಗೆ ಮರ್ಯಾದೆ ಇಲ್ಲ ಅಂತ ಚೀಟಿ ಅಂಟಿಸಿದರು. ಆಮೇಲೆ ಕೊಡದ ಅಂಗಡಿಗಳ ಪಟ್ಟಿ ಮಾಡಿ ಅಲ್ಲೇ ವ್ಯಾಪಾರ ಮಾಡಿ ಅಂದರು. ಪಟ್ಟಿಯಲ್ಲಿ ಅಂಗಡಿಯ ಹೆಸರಿತ್ತು, ಅಲ್ವಾ?

ಇನ್ನು ನಮ್ಮೂರು. ಮೂರು ವರ್ಷದ ಹಿಂದೆ ಬೇಸಿಗೆಯಲ್ಲಿ ನಮ್ಮ ಬೋರು ನಿಂತಿತು. ಹೊಸದಾಗಿ ಹಾಕಿಸಿದ ಮಲ್ಲಿಕಾ ಸಸಿಗಳಿಗೆ ಟ್ಯಾಂಕರ್ ನೀರೇ ಗತಿ. ನಮಗೆ ತಂದು ಹಾಕುತ್ತಿದ್ದವನು ಒಂದೇ ವಾರದಲ್ಲಿ ಎರಡು ಸಲ ರೇಟು ಏರಿಸಿದ. ಪಕ್ಕದ ಊರಿನವನಿಗೆ ಫೋನ್ ಮಾಡಿದರೆ, "ಮೇಷ್ಟ್ರೇ, ಆ ಕಡೆ ನಾನು ಬರಲ್ಲ" ಅಂದ. ಯಾಕೆ ಅಂದರೆ ಲೈನ್ ಕಟ್. ಇದು ಮಾಫಿಯಾನಾ? ಅಲ್ಲ. ಎರಡು ಟ್ಯಾಂಕರ್, ಒಂದು ಬೋರ್‌ವೆಲ್, ಬೇಕಾದ ಕಡೆ ಬೇಕಾದ ನೆಂಟರು ಇರುವ ಒಬ್ಬ ಮನುಷ್ಯ. ಅವನ ಹೆಸರು ಊರಿಗೆಲ್ಲ ಗೊತ್ತು, ನಿಮ್ಮ ವರದಿಗಾರರಿಗೂ ಗೊತ್ತು. ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಂಘಟಿತ ಅಪರಾಧಕ್ಕೇ ಅಂತ 111ನೇ ಸೆಕ್ಷನ್ ಇದೆ, ಅದರ ಮಟ್ಟಕ್ಕೆ ಇದು ಹೋಗುತ್ತದೋ ಇಲ್ಲವೋ ಕೋರ್ಟು ನೋಡಿಕೊಳ್ಳಲಿ. ನೀವು ಒಂದು ಟ್ಯಾಂಕರ್ ನೀರಿಗೆ ಎಷ್ಟು, ಆ ಬೋರು ಯಾರ ಹೆಸರಲ್ಲಿದೆ, ಪರ್ಮಿಷನ್ ಇದೆಯಾ, ಇಷ್ಟು ಬರೆಯಿರಿ.

ನೋಡಿ, ಇಷ್ಟುದ್ದ ಬರೆದ ನಾನೂ ಅವನ ಹೆಸರು ಬರೆದಿಲ್ಲ. ದಯವಿಟ್ಟು ಕೆಳಗೆ ನನ್ನ ಹೆಸರನ್ನೂ ಹಾಕಬೇಡಿ. ಏಪ್ರಿಲ್‌ಗೆ ಮತ್ತೆ ಅವನಿಗೇ ಫೋನ್ ಮಾಡಬೇಕು.

ಇಂತಿ,
ಒಬ್ಬ ಮಾವು ಬೆಳೆಗಾರ, ಶ್ರೀನಿವಾಸಪುರ ತಾಲ್ಲೂಕು