ಚಪ್ಪಾಳೆಯಲ್ಲಿ ಪಾಷಂಡವಿಲ್ಲ

ಸಂಪಾದಕರಿಗೆ,

ಮಾನ್ಯರೇ,

ಕಳೆದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರು, ಹಾಲ್ ಬಾಡಿಗೆಗೆ ಹಿಡಿದು ಡ್ರಮ್ ಬಾರಿಸಿ, ಚಪ್ಪಾಳೆ ತಟ್ಟಿ ಆರಾಧನೆ ಮಾಡುವ ಕ್ರೈಸ್ತರೆಲ್ಲ ‘ಪಾಷಂಡಿಗಳು’ ಎಂದು ಬರೆದಿದ್ದರು. ಉಡುಪಿಯ ಒಂದು ಕ್ರೈಸ್ತ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಹನ್ನೆರಡು ವರ್ಷ ಹಿರಿಯನಾಗಿ ಕಮಿಟಿಯಲ್ಲಿ ಕೂತವನು ನಾನು. ಡ್ರಮ್ಮಿನ ಸದ್ದು ನನ್ನ ಕಿವಿಗೂ ಹಿತವಲ್ಲ. ಆದರೆ ಕಿವಿಗೆ ಹಿಡಿಸದ್ದೆಲ್ಲ ಪಾಷಂಡ ಎಂದು ಹೊರಟರೆ ನಮ್ಮದೇ ಗಾಯನ ಮಂಡಳಿಯ ಹಿಂದಿನ ಸಾಲಿನಿಂದ ಶುರು ಮಾಡಬೇಕಾದೀತು.

ಆ ಪದ ತೂಕದ್ದು. ಇಂಗ್ಲಿಷಿನ ‘ಹೆರೆಸಿ’ಗೆ ನಾವು ಬಳಸುವ ಪದ ಅದು. ‘ಹೆರೆಸಿ’ಯ ಗ್ರೀಕ್ ಮೂಲ ‘ಹೈರೆಸಿಸ್’ ಎಂದರೆ ಆಯ್ಕೆ. ವಿಶ್ವಾಸದ ಒಂದು ತುಂಡನ್ನು ಆರಿಸಿಕೊಂಡು, ಅದಕ್ಕೆ ಒಗ್ಗದ್ದನ್ನು ಬಿಸಾಡಿ, ಆ ತುಂಡೇ ಇಡೀ ಸುವಾರ್ತೆ, ಅಂದರೆ ಯೇಸುವಿನ ಶುಭಸಂದೇಶ, ಎಂದು ಸಾರುವುದು ಪಾಷಂಡ. ಅಲೆಕ್ಸಾಂಡ್ರಿಯದ ಪಾದ್ರಿ ಏರಿಯಸ್ ಮಾಡಿದ್ದು ಅದನ್ನೇ. ದೇವರ ಮಗನಾದ ಯೇಸುವೂ ಸೃಷ್ಟಿಯಾದವನು, ಅವನು ಇಲ್ಲದ ಒಂದು ಹೊತ್ತಿತ್ತು ಎಂದ. ಹಡಗಿನವರು, ಗಿರಣಿಯವರು ಹಾಡಿಕೊಳ್ಳಲೆಂದು ಅದನ್ನು ಹಾಡು ಕಟ್ಟಿ ಹಂಚಿದನೆಂದೂ ಹಳೆಯ ಇತಿಹಾಸಕಾರನೊಬ್ಬ ಬರೆದಿದ್ದಾನೆ. ತಪ್ಪು ಬೋಧನೆ ಕೊಂಬು ಮೂಡಿಸಿಕೊಂಡು ಬರುವುದಿಲ್ಲ, ಒಳ್ಳೆಯ ರಾಗದಲ್ಲಿ ಬರುತ್ತದೆ. ಕ್ರಿ.ಶ. 325ರಲ್ಲಿ ನೈಸಿಯದಲ್ಲಿ ಸೇರಿದ ಬಿಷಪರು ಅದನ್ನು ತಳ್ಳಿಹಾಕಿದರು. ಜಗಳ ಅಲ್ಲಿಗೇ ಮುಗಿಯಲಿಲ್ಲ. 381ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಬಿಷಪರು ಮತ್ತೆ ಸೇರುವವರೆಗೂ ಎಳೆಯಿತು. ಏರಿಯಸನ ಬೋಧನೆಯನ್ನು ಎದುರಿಸಿದ ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ ಐದು ಸಲ ಗಡಿಪಾರಾದ. ಆರಾಧನೆಯಲ್ಲಿ ನಮ್ಮ ನಂಬಿಕೆ ಇದು ಎಂದು ನಾವು ಬಾಯಿಪಾಠವಾಗಿ ಒಪ್ಪಿಸುವ ವಿಶ್ವಾಸಪ್ರಮಾಣದ ‘ಸೃಷ್ಟಿಸಲ್ಪಟ್ಟವನಲ್ಲ’ ಎಂಬ ಅಂಶದ ಹಿಂದೆ ಇಷ್ಟೆಲ್ಲ ಇದೆ. ಅದನ್ನು ಹೇಳುವಾಗ ನಮ್ಮಲ್ಲಿ ಅರ್ಧ ಜನ ವಾಚು ನೋಡುತ್ತಿರುತ್ತಾರೆ, ಆ ಮಾತು ಬೇರೆ.

ಪಾಷಂಡ ಬೇರೆ, ಒಡಕು ಬೇರೆ. ಇದನ್ನು ತಿಳಿಯಲು ರೋಮಿಗೆ ಹೋಗಬೇಕಿಲ್ಲ, ಬ್ರಹ್ಮಾವರದ ಬಸ್ಸು ಹತ್ತಿದರೆ ಸಾಕು. 19ನೆಯ ಶತಮಾನದ ಕೊನೆಗೆ ಕಲ್ಯಾಣಪುರದ ಕಡೆಯ ಕಥೊಲಿಕರಲ್ಲಿ ಒಂದು ಗುಂಪು ಬೇರೆಯಾಯಿತು. 1889ರಲ್ಲಿ, ರೋಮಿನ ಪೋಪರ ಅಧಿಕಾರಕ್ಕೆ ಒಳಪಡದ ಆರ್ಥೊಡಾಕ್ಸ್ ಸಭೆಯಲ್ಲಿ ಬಿಷಪರಾಗಿ ಅಭಿಷೇಕಗೊಂಡ ಗೋವಾದ ಅಲ್ವಾರಿಸ್ ಮಾರ್ ಜೂಲಿಯಸ್ ಮತ್ತು ಬ್ರಹ್ಮಾವರದ ನೊರೊನ್ಹಾ ಪಾದ್ರಿಗಳ ಹಿಂದೆ ಅವರು ನಡೆದರು. ಬಹಿಷ್ಕಾರವೂ ಆಯಿತು. ಜಗಳದ ಬೇರು ಯಾವುದು? ಇಗರ್ಜಿಗಳು ಪೋರ್ಚುಗಲ್ ರಾಜರ ಆಶ್ರಯದ ಗೋವಾದ ಪದ್ರುವಾದೊ ಆಡಳಿತದ ಕೆಳಗಿರಬೇಕೋ, ಪೋಪರ ಮಿಷನ್ ಕಚೇರಿಯಾದ ರೋಮಿನ ಪ್ರೊಪಗಾಂಡದ ಕೆಳಗೋ ಎಂಬುದು. ಯೇಸು ಯಾರೆಂಬ ಪ್ರಶ್ನೆಯಿಂದ ಆ ಜಗಳ ಹುಟ್ಟಿದ್ದಲ್ಲ. ಬೈಗುಳ ಮಾತ್ರ ಪಾಷಂಡಿಗೆ ಸಿಗುವಷ್ಟೇ ಸಿಕ್ಕಿತು.

ಹಾಗಾದರೆ ನಿಜವಾದ ಪಾಷಂಡವನ್ನು ಗುರುತಿಸುವುದು ಹೇಗೆ? ನನಗೆ ಅದನ್ನು ಕಲಿಸಿದ್ದು ನಮ್ಮ ಸಭೆಯ ಒಬ್ಬ ಅಕ್ಕ. ಸಕ್ಕರೆ ಕಾಯಿಲೆಯವರು. ಊರಿಗೆ ಬರುವ ಬೋಧಕರೊಬ್ಬರ ಕೂಟಕ್ಕೆ ಹೋಗತೊಡಗಿದರು. ಯೇಸು ಶಿಲುಬೆಯಲ್ಲೇ ನಿಮ್ಮ ರೋಗ ಹೊತ್ತಾಗಿದೆ, ಇನ್ನು ಮದ್ದು ತಗೊಂಡರೆ ಅವಿಶ್ವಾಸ ಎಂದರಂತೆ. ಅಕ್ಕ ಇನ್ಸುಲಿನ್ ಬಿಟ್ಟರು, ದೇವರಿಗೆಂದು ಆದಾಯದಲ್ಲಿ ಕೊಡುವ ದಶಮಾಂಶ ಕಾಣಿಕೆ ಹೆಚ್ಚಿಸಿದರು. ಕಾಲಿನ ಗಾಯ ಮಾಯದೆ ಎರಡು ಬೆರಳು ತೆಗೆಸಬೇಕಾಯಿತು. ನಿಮ್ಮ ವಿಶ್ವಾಸ ಸಾಲಲಿಲ್ಲ ಎಂದು ಬೋಧಕರು ಆಮೇಲೆ ಹೇಳಿದರು.

ಪಾಷಂಡ ಇರುವುದು ಇಲ್ಲಿ. ಕೃಪೆ ವ್ಯಾಪಾರವಾಯಿತು, ದೇವರು ಸಾಲಗಾರನಾದ, ಶಿಲುಬೆ ರಸೀದಿಯಾಯಿತು. ಆ ಬೋಧಕರು ತಮಗೆ ಬೇಕಾದ ವಚನಗಳನ್ನಷ್ಟೇ ಆರಿಸಿಕೊಂಡಿದ್ದರು. ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಅಪೊಸ್ತಲ ಪೌಲ ತನ್ನ ಶಿಷ್ಯ ತಿಮೊಥೆಯನಿಗೆ ಬರೆದದ್ದನ್ನು ಅವರು ಓದುವುದಿಲ್ಲ. ಕಾಯಿಲೆ ಬಿದ್ದ ಜತೆಗಾರ ತ್ರೊಫಿಮನನ್ನು ಅದೇ ಪೌಲ ಮಿಲೇತದಲ್ಲಿ ಬಿಟ್ಟು ಬಂದದ್ದನ್ನೂ ಓದುವುದಿಲ್ಲ. ಪೌಲನ ವಿಶ್ವಾಸವೂ ಸಾಲಲಿಲ್ಲವೇ? ಅವನ ಇನ್ನೊಬ್ಬ ಜತೆಗಾರ ಲೂಕ ವೈದ್ಯನಾಗಿದ್ದ.

ಈಗ ನಮ್ಮ ತಪ್ಪು. ಅಕ್ಕ ಮದ್ದು ಬಿಟ್ಟ ಸುದ್ದಿ ಹಿರಿಯರಲ್ಲಿ ಇಬ್ಬರಿಗೆ ಗೊತ್ತಿತ್ತು, ಅದರಲ್ಲಿ ನಾನೊಬ್ಬ. ಆ ತಿಂಗಳ ಕಮಿಟಿಯಲ್ಲಿ ನಾವು ಎರಡು ಗಂಟೆ ಚರ್ಚಿಸಿದ್ದು ಯುವಜನರಿಗೆ ಡ್ರಮ್ ಸೆಟ್ ಕೊಡಿಸಬೇಕೇ ಬೇಡವೇ ಎಂದು.

ಪಾಷಂಡವನ್ನು ಎದುರಿಸುವ ರೀತಿಯಲ್ಲೂ ಕ್ರೈಸ್ತ ಸಭೆ ಎಡವಿದ್ದುಂಟು. ಪಾಷಂಡದ ಆರೋಪ ಹೊತ್ತವರನ್ನು ವಿಚಾರಿಸಿ ಶಿಕ್ಷಿಸುವ ಇನ್‌ಕ್ವಿಸಿಷನ್ ಎಂಬ ನ್ಯಾಯಮಂಡಳಿ 1560ರಲ್ಲಿ ಗೋವಾದಲ್ಲಿ ಶುರುವಾಯಿತು, ಕೊನೆಗೆ ಮುಚ್ಚಿದ್ದು 1812ರಲ್ಲಿ. ಅದರ ಭಯದಿಂದ ದಕ್ಷಿಣಕ್ಕೆ ಓಡಿಬಂದವರ ಮೊಮ್ಮಕ್ಕಳ ಮೊಮ್ಮಕ್ಕಳು ಇಂದು ನಮ್ಮ ನೆರೆಹೊರೆಯಲ್ಲಿದ್ದಾರೆ. ಈಗಿನ ಇನ್‌ಕ್ವಿಸಿಷನ್ ವಾಟ್ಸಾಪಿನಲ್ಲಿ ನಡೆಯುತ್ತದೆ. ವಿಚಾರಣೆಯಿಲ್ಲ, ತೀರ್ಪು ಮಾತ್ರ.

ಬೈಬಲಿನ ಕಾಲದಲ್ಲಿ ಎಫೆಸ ಪಟ್ಟಣದಲ್ಲಿ ಅಪೊಲ್ಲೋಸ ಎಂಬ ಬೋಧಕ ಅರ್ಧ ತಿಳಿದುಕೊಂಡೇ ಧೈರ್ಯವಾಗಿ ಬೋಧಿಸುತ್ತಿದ್ದಾಗ ಪ್ರಿಸ್ಕಿಲ್ಲ, ಅಕ್ವಿಲ ದಂಪತಿ ಸಭಾಮಂದಿರದಲ್ಲಿ ಎದ್ದು ನಿಂತು ಕೂಗಲಿಲ್ಲ. ಅವನನ್ನು ಕರೆದುಕೊಂಡು ಹೋಗಿ ಸರಿಯಾಗಿ ವಿವರಿಸಿದರು. ಕೇಳದವನಿಗೂ ಬೈಬಲಿನಲ್ಲಿ ದಾರಿಯಿದೆ. ಮತ್ತಾಯ 18ರ ಪ್ರಕಾರ ಮೊದಲು ಒಬ್ಬರೇ ಹೋಗಿ ಮಾತಾಡಬೇಕು, ಆಮೇಲೆ ಒಬ್ಬಿಬ್ಬರನ್ನು ಕರೆದುಕೊಂಡು, ಕೊನೆಗೆ ಸಭೆಗೆ ತಿಳಿಸಬೇಕು. ಒಂದೆರಡು ಸಲ ಎಚ್ಚರಿಸಿದ ಮೇಲೂ ಬಗ್ಗದಿದ್ದರೆ ದೂರವಿರು ಎನ್ನುತ್ತದೆ ತೀತನಿಗೆ ಬರೆದ ಪತ್ರ. ಪೊಲೀಸರನ್ನು ಕರೆಯಿರಿ ಎಂದು ಎಲ್ಲೂ ಇಲ್ಲ. ತಂದೆ, ಮಗ, ಪವಿತ್ರಾತ್ಮ ಒಬ್ಬನೇ ದೇವರೆಂಬ ತ್ರಯೇಕತ್ವವನ್ನು ನಂಬದವನಿಗೂ ಈ ದೇಶದಲ್ಲಿ ತನ್ನ ನಂಬಿಕೆಯ ಹಕ್ಕಿದೆ. ಹಾಗೆಂದು, ಸಕ್ಕರೆ ಕಾಯಿಲೆಯನ್ನು ಪವಾಡದಿಂದ ವಾಸಿ ಮಾಡುತ್ತೇವೆಂದು ಪೋಸ್ಟರ್ ಅಂಟಿಸುವವರಿಗೆ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಜಾಹೀರಾತು ಕುರಿತ 1954ರ ಕಾಯ್ದೆ ಇದೆ. ಅದು ಸರಕಾರದ ಕೆಲಸ, ಸುವಾರ್ತೆಯನ್ನು ಕಾಯುವುದು ನಮ್ಮ ಕೆಲಸ.

ತಡವಾಗಿಯಾದರೂ ನಾನು ಆ ಬೋಧಕರಲ್ಲಿಗೆ ಒಬ್ಬನೇ ಹೋದೆ. ಕಾಫಿ ಕೊಟ್ಟರು, ಒಂದು ಗಂಟೆ ಮಾತಾಡಿದರು, ತ್ರೊಫಿಮನ ವಿಷಯಕ್ಕೆ ಉತ್ತರ ಕೊಡಲಿಲ್ಲ. ಬರುವ ತಿಂಗಳು ಅವರು ಮತ್ತೆ ಉಡುಪಿಗೆ ಬರುತ್ತಾರೆ. ಈ ಸಲ ನಮ್ಮ ಸಭಾಪಾಲಕರೂ ಬರುವುದಾಗಿ ಹೇಳಿದ್ದಾರೆ. ಕಳೆದ ವಾರದ ಪತ್ರ ಬರೆದವರು ಹತ್ತಿರದವರೇ ಆಗಿದ್ದರೆ ಮೂರನೆಯವರಾಗಿ ನಮ್ಮ ಜತೆ ಬರಲಿ.

– ಸಭೆಯ ಒಬ್ಬ ಹಿರಿಯ, ಉಡುಪಿ