ಮಡಚೋ ಫೋನ್ ತಗೊಳ್ಳೋ ಮುಂಚೆ

ಚಿತ್ರದುರ್ಗ

ಚಿ. ಕಿರಣನಿಗೆ ನಿನ್ನ ಮಾವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನೀನು ಸ್ಮಾರ್ಟ್‌ಫೋನ್ ಬಿಟ್ಟು ಮಡಚೋ ಕೀಪ್ಯಾಡ್ ಫೋನ್ ತಗೊಳ್ಳುತ್ತೀಯಂತೆ. ಅಕ್ಕ ಗಾಬರಿಯಲ್ಲಿ ಹೇಳಿದಳು. ನನಗಂತೂ ಖುಷಿಯಾಯಿತು. ಅಂಗಡಿಯಲ್ಲಿ ನಾನು ಇಟ್ಟುಕೊಂಡಿರುವುದೂ ಅದೇ ಅಲ್ವಾ?

ಆದರೆ ಪರೀಕ್ಷೆ ಮುಗಿಯೋವರೆಗೆ ಉಪವಾಸ ಅಂತ ತಗೋಬೇಡ. ಹಾಗೆ ತಗೊಂಡವರು ತಿಂಗಳೊಳಗೆ ಮೂಲೆಗೆ ಎಸೆಯುತ್ತಾರೆ. ಬಳಸೋಕೆ ಮಜಾ ಇದೆ ಅಂತ ತಗೋ. ರಿಂಗ್ ಆದಾಗ ಹೆಬ್ಬೆರಳಲ್ಲಿ ಮುಚ್ಚಳ ಎಬ್ಬಿಸಿದರೆ ಕಾಲ್ ಶುರು, ಟಪ್ ಅಂತ ಮುಚ್ಚಿದರೆ ಕಟ್. ‘ಲೋನ್ ಬೇಕಾ ಸರ್’ ಅನ್ನುವವರಿಗೆ ಹಾಗೆ ಮುಚ್ಚೋದರಲ್ಲಿರುವ ಸಮಾಧಾನ ಗಾಜು ಒತ್ತಿದರೆ ಸಿಗಲ್ಲ ಮಾರಾಯ.

ಮೆಸೇಜ್ ಬರೆಯೋದು ಮಾತ್ರ ತಾಳ್ಮೆಯ ಕೆಲಸ. ‘ಬರ್ತೀನಿ’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಹಾಕಬೇಕು ಅಂದುಕೋ. ‘ಬಿ’ಗೆ 2 ಎರಡು ಸಲ ಒತ್ತಬೇಕು. ‘ಎ’ ಕೂಡ ಅದೇ ಕೀಲಿಯಲ್ಲಿದೆ, ಹಾಗಾಗಿ ಒಂದು ಕ್ಷಣ ತಡೆದು ಮತ್ತೆ ಒತ್ತಬೇಕು. ಅವಸರ ಮಾಡಿದರೆ ‘ಸಿ’ ಬಂದು ಕೂರುತ್ತದೆ. ಕನ್ನಡದಲ್ಲೇ ಬರೆದರೆ ಇನ್ನೊಂದು ಪೇಚು. ಇಂಗ್ಲಿಷ್ ಅಕ್ಷರವಾದರೆ ಒಂದು ಎಸ್ಸೆಮ್ಮೆಸ್‌ಗೆ 160 ಹಿಡಿಯುತ್ತವೆ, ಕನ್ನಡವಾದರೆ 70 ಅಷ್ಟೇ. ಗುಣಿತ, ಒತ್ತು ಎಲ್ಲಕ್ಕೂ ಬೇರೆ ಲೆಕ್ಕ. ಚಿತ್ರದುರ್ಗ ಅನ್ನೋ ನಾಲ್ಕಕ್ಷರದ ಊರಿಗೇ 10 ಖರ್ಚು! ಅದಕ್ಕೇ ನಾನು ಮೆಸೇಜ್ ಬಿಟ್ಟು ಫೋನೇ ಮಾಡಿಬಿಡುತ್ತೇನೆ.

ಕೊಳ್ಳುವಾಗ 4ಜಿ ಇದೆಯಾ, ಅದರಲ್ಲಿ ಮಾತು ಹೋಗುತ್ತಾ ಅಂತ ಕೇಳು. ನಿನ್ನದು ಜಿಯೋ ಸಿಮ್. ಅದಕ್ಕೆ 2ಜಿ ಇಲ್ಲವೇ ಇಲ್ಲ. ಅಗ್ಗ ಅಂತ ಹಳೇ 2ಜಿ ಸೆಟ್ ತಂದರೆ ಅದು ಬರೀ ಗಡಿಯಾರ.

ಇನ್ನು ದುಡ್ಡಿನ ವಿಷಯ. ಕೀಪ್ಯಾಡ್ ಫೋನಿನವರಿಗೂ ಅಂತ ರಿಸರ್ವ್ ಬ್ಯಾಂಕ್ 2022ರಲ್ಲಿ ಯುಪಿಐ 123ಪೇ ತಂದಿದೆ. ನಂಬರಿಗೆ ಕರೆ ಮಾಡಿ, ಅದು ಹೇಳಿದಂತೆ ಕೀಲಿ ಒತ್ತಿ ದುಡ್ಡು ಕಳಿಸಬಹುದು. ಆದರೆ ದಾವಣಗೆರೆಯ ಬೆಣ್ಣೆದೋಸೆ ಹೋಟೆಲಿನಲ್ಲಿ, ಹಿಂದೆ ಹತ್ತು ಜನ ನಿಂತಿರುವಾಗ ಅದನ್ನು ಮಾಡುತ್ತಾ ಕೂರೋಕಾಗಲ್ಲ. ಜೇಬಲ್ಲಿ ಚಿಲ್ಲರೆ ಇಟ್ಟುಕೋ. ಬಸ್ಸಿಗೂ ಆಗುತ್ತೆ.

ಹಳೇ ಫೋನ್ ಮಾರಬೇಡ. ಕಾಲೇಜಿನ ವಾಟ್ಸಾಪ್ ಗ್ರೂಪಿಗೆ ಅದು ಬೇಕೇ ಬೇಕು. ಹಾಸ್ಟೆಲ್ ವೈಫೈನಲ್ಲಿ ಸಂಜೆ ಒಂದು ಸಲ ನೋಡಿ ಇಟ್ಟುಬಿಡು. ಬ್ಯಾಂಕಿಗೆ ಕೊಟ್ಟ ಸಿಮ್ ಯಾವ ಫೋನಲ್ಲಿರಬೇಕು ಅನ್ನೋದನ್ನು ಮೊದಲೇ ಯೋಚಿಸು. ಯುಪಿಐ ಆ್ಯಪ್ ಹೊಸದಾಗಿ ಹಾಕಿಕೊಳ್ಳುವಾಗ ಆ ಸಿಮ್‌ನಿಂದಲೇ ಎಸ್ಸೆಮ್ಮೆಸ್ ಹೋಗಬೇಕು. ಮತ್ತೆ, ಗೆಳೆಯರಿಗೆ ‘ನೀವೂ ಬಿಡ್ರೋ’ ಅಂತ ಉಪದೇಶ ಮಾಡಬೇಡ. ಸುಮ್ನೆ ತಲೆ ತಿಂದ ಹಾಗಾಗುತ್ತೆ.

ಹಬ್ಬಕ್ಕೆ ಬರುವಾಗ ದಾವಣಗೆರೆಯಲ್ಲಿ ಬಸ್ ಹತ್ತಿದ ಕೂಡಲೇ ಒಂದು ಫೋನ್ ಮಾಡು. ನೀನು ಬಂದು ತಲುಪೋದರೊಳಗೆ ನಿಮ್ಮತ್ತೆ ರೊಟ್ಟಿ ಬಡಿದಿಟ್ಟಿರುತ್ತಾಳಂತೆ.

ಇಂತಿ ನಿನ್ನ ಮಾವ